ಸ್ಪ್ರಿಂಗಿಗೂ ಒಂದು ‘ರೇಟು’ ಉಂಟು, ಅದು ಅಂಗಡಿಯ ರೇಟಲ್ಲ!

ಬೆಳಗಿನ ಮೊದಲ ಬಸ್ಸು ಯಾಕೆ ಅಷ್ಟು ಕುಲುಕುತ್ತದೆ? ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ದಿನಾ ಓಡಾಡುವವರಿಗೆ ಈ ಪ್ರಶ್ನೆ ಹೊಸದಲ್ಲ. ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವನು ಹಂಪು ಬಂದಾಗ ಸೀಟು ಬಿಟ್ಟು ಮೇಲೆದ್ದು ಬೀಳುತ್ತಾನೆ. ಅದೇ ಬಸ್ಸು ಶಿಡ್ಲಘಟ್ಟದಲ್ಲಿ ಜನ ತುಂಬಿಕೊಂಡ ಮೇಲೆ, ನಿಲ್ಲಲು ಜಾಗ ಇಲ್ಲದಿದ್ದರೂ, ಮೆತ್ತಗೆ ಸಾಗುತ್ತದೆ. ಡ್ರೈವರ್ ಅವನೇ, ರಸ್ತೆ ಅದೇ, ಸ್ಪ್ರಿಂಗೂ ಅದೇ. ಬದಲಾಗಿದ್ದು ಭಾರ ಒಂದೇ.

ಬಸ್ಸಿನ ಪಟ್ಟಿ ಸ್ಪ್ರಿಂಗನ್ನು ತುಂಬಿದ ಬಸ್ಸಿಗೆಂದು ಲೆಕ್ಕ ಹಾಕಿ ಮಾಡಿರುತ್ತಾರೆ. ಖಾಲಿ ಬಸ್ಸಿಗೆ ಅದು ತೀರಾ ಗಡುಸು. ಭಾರಕ್ಕೆ ತಕ್ಕ ಸ್ಪ್ರಿಂಗು ಇರಬೇಕು, ಸ್ಪ್ರಿಂಗಿಗೆ ತಕ್ಕ ಭಾರ ಇರಬೇಕು. ಇದಿಷ್ಟು ಗೊತ್ತಾದರೆ ಅರ್ಧ ವಿದ್ಯೆ ಬಂದಂತೆ.

ಈ ಅರ್ಧ ವಿದ್ಯೆಯೂ ಇಲ್ಲದೆ ಸ್ಪ್ರಿಂಗಿಗೆ ಕೈ ಹಾಕುವವರು ಈಗ ಹೆಚ್ಚಾಗಿದ್ದಾರೆ. ಅಪ್ಪ ಸಾಲ ಮಾಡಿ ತೆಗೆದುಕೊಟ್ಟ ಕಾರು, ಇಲ್ಲವೇ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಕಾರು. ಅದಕ್ಕೆ ಅಗಲ ಟೈರು, ದೊಡ್ಡ ಸದ್ದಿನ ಸೈಲೆನ್ಸರ್, ಇಂಜಿನ್ನಿಗೆ ಒಂದಿಷ್ಟು ಜೋರು. ಕೊನೆಗೆ ಬರುವುದು ಒಂದೇ ಮಾತು: “ಅಣ್ಣಾ, ಗಾಡಿ ಕೆಳಗೆ ಕೂರಬೇಕು. ಎರಡು ಸುತ್ತು ಕತ್ತರಿಸಿಬಿಡಿ.”

ಕತ್ತರಿಸುವುದಕ್ಕೆ ಹತ್ತು ನಿಮಿಷ ಸಾಕು. ಆಮೇಲೆ ಆ ಕಾರು ಓಡುವುದು ರೇಸ್ ಟ್ರ್ಯಾಕಿನಲ್ಲಲ್ಲ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದೇ ದಾರದಲ್ಲಿ ಪೋಣಿಸಿರುವ ರಾಷ್ಟ್ರೀಯ ಹೆದ್ದಾರಿ 69ರಲ್ಲಿ. ಹಿಂದೆ 234 ಎಂದು ಕರೆಸಿಕೊಳ್ಳುತ್ತಿದ್ದ ಅದೇ ರಸ್ತೆ. ಎದುರಿಗೆ ಬಸ್ಸು, ಟೊಮೆಟೊ ಟೆಂಪೋ, ರೇಷ್ಮೆಗೂಡಿನ ಚೀಲ ಕಟ್ಟಿಕೊಂಡ ಮೋಟಾರ್ ಸೈಕಲ್ಲು ಬರುತ್ತಿರುತ್ತವೆ. ಅಂದ ಮೇಲೆ ಇದು ಆ ಹುಡುಗನೊಬ್ಬನ ಸ್ವಂತ ವಿಚಾರ ಹೇಗಾದೀತು?

ರೇಟು ಎಂದರೇನು?

ಅಂಗಡಿಯವರಿಗೆ ರೇಟು ಎಂದರೆ ಬೆಲೆ. ಸ್ಪ್ರಿಂಗಿನ ರೇಟು ಎಂದರೆ ಅದರ ಬಿಗಿ. ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ಕೆ.ಜಿ. ಭಾರ ಬೇಕು ಎಂಬ ಲೆಕ್ಕ.

ಹಳೇ ಪೇಪರ್ ಕೊಳ್ಳುವವರು ಕೈಯಲ್ಲಿ ಹಿಡಿದು ಬರುವ ಕೊಕ್ಕೆ ತಕ್ಕಡಿಯನ್ನು ಎಲ್ಲರೂ ಕಂಡಿದ್ದಾರೆ. ಒಂದು ಕೆ.ಜಿ.ಗೆ ಇಷ್ಟು ಇಳಿದರೆ ಎರಡು ಕೆ.ಜಿ.ಗೆ ಅದರ ಎರಡರಷ್ಟು ಇಳಿಯುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ 1678ರಲ್ಲಿ ಅಚ್ಚು ಮಾಡಿಸಿದ ನಿಯಮ ಇದೇ. ಆ ತಕ್ಕಡಿ, ಮನೆಯ ಸೋಫಾ, ಇಂದಿನ ಕಾರು ಎಲ್ಲವೂ ಈ ನಿಯಮಕ್ಕೇ ತಲೆಬಾಗಬೇಕು.

ಹೊರದೇಶದ ಸ್ಪ್ರಿಂಗಿನ ಡಬ್ಬದ ಮೇಲೆ ಇದೇ ರೇಟು ಬೇರೆ ಅಳತೆಯಲ್ಲಿ ಇರುತ್ತದೆ. ಮಿಲಿಮೀಟರಿಗೆ 1 ಕೆ.ಜಿ. ಎಂದರೆ ಇಂಚಿಗೆ ಸುಮಾರು 56 ಪೌಂಡು, ಮಿಲಿಮೀಟರಿಗೆ 9.8 ನ್ಯೂಟನ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಿಂತು ‘ಇದು ನೂರು, ಅದು ನೂರಿಪ್ಪತ್ತು’ ಎಂಬ ಮಾತು ಕೇಳಿದರೆ, ನೂರು ಏನು ಎಂದು ಮೊದಲು ಕೇಳಬೇಕು. ನೂರು ಪೌಂಡಿನ ಸ್ಪ್ರಿಂಗು ಮೆತ್ತಗೆ. ನೂರು ನ್ಯೂಟನ್ನಿನದು ಅದರ ಐದು ಪಟ್ಟಿಗೂ ಹೆಚ್ಚು ಗಡುಸು.

ಕತ್ತರಿಸಿದರೆ ಏನಾಗುತ್ತದೆ?

ಸುರುಳಿ ಸ್ಪ್ರಿಂಗಿನ ಬಿಗಿಯನ್ನು ನಿಶ್ಚಯಿಸುವುದು ಮುಖ್ಯವಾಗಿ ಮೂರು ಸಂಗತಿ: ಕಂಬಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ.

ಇದರಲ್ಲಿ ದಪ್ಪದ ಆಟವೇ ದೊಡ್ಡದು. 12 ಮಿ.ಮೀ. ಕಂಬಿಯ ಬದಲು 13 ಮಿ.ಮೀ. ಕಂಬಿ ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಸ್ಪ್ರಿಂಗು ಶೇಕಡಾ 38ರಷ್ಟು ಗಡುಸಾಗುತ್ತದೆ! ಗುಜರಿಯಲ್ಲಿ ‘ಅದೇ ಸೈಜು ಸಾರ್, ಕೂತ್ಕೊಳ್ತದೆ’ ಎಂದು ಕೊಡುವ ಸ್ಪ್ರಿಂಗನ್ನು ನಂಬಬಾರದು ಎನ್ನುವುದು ಇದಕ್ಕೇ. ಕೂತುಕೊಳ್ಳುವುದು ಬೇರೆ, ಕೆಲಸ ಮಾಡುವುದು ಬೇರೆ.

ಸುತ್ತು ಕಡಿಮೆಯಾದರೂ ಬಿಗಿ ಹೆಚ್ಚುತ್ತದೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಶೇಕಡಾ 20 ಹೆಚ್ಚು ಗಡುಸು. ಎರಡು ತೆಗೆದರೆ ಶೇಕಡಾ 50. ಗಾಡಿ ಕೆಳಗೆ ಕೂತಿತು, ಬಿಗಿಯೂ ಬಂತು, ಒಂದೇ ಏಟಿಗೆ ಎರಡು ಹಕ್ಕಿ ಎಂದು ಹುಡುಗರು ಹಿಗ್ಗುತ್ತಾರೆ.

ಆದರೆ ಕತ್ತರಿಸಿದ ತುದಿಗೆ ಸರಿಯಾದ ಕೂರುವ ನೆಲೆ ಇರುವುದಿಲ್ಲ. ಚಕ್ರ ಹಳ್ಳಕ್ಕೆ ಇಳಿದಾಗ ಸ್ಪ್ರಿಂಗು ಸಡಿಲವಾಗಿ ತಟ್ಟೆಯಿಂದ ಜಾರಬಹುದು. ಇನ್ನು ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿದರೆ, ಇಲ್ಲವೇ ಕಾಯಿಸಿ ಕುಗ್ಗಿಸಿದರೆ, ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದವೇ ಹೋಗುತ್ತದೆ. ಹದ ಕೆಟ್ಟ ಸ್ಪ್ರಿಂಗು ದಿನ ಕಳೆದಂತೆ ಕುಸಿಯುತ್ತದೆ, ಇಲ್ಲ ಒಂದು ದಿನ ಮುರಿಯುತ್ತದೆ. ಆ ದಿನ ಯಾವ ತಿರುವಿನಲ್ಲಿ ಬರುತ್ತದೆ ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ.

ಹಾಗಾದರೆ ಎಷ್ಟು ಬಿಗಿ ಬೇಕು?

ಇದಕ್ಕೆ ಬಾಯಿಮಾತಿನ ಉತ್ತರ ಬೇಡ, ಲೆಕ್ಕದ ಉತ್ತರವೇ ಇದೆ. ಲೆಕ್ಕ ಹಾಕದೆ ಕಲ್ಲಿಡದ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇಲ್ಲೇ ಪಕ್ಕದಲ್ಲಿದೆ. ಅವರ ಸೀಮೆಯವರು ಲೆಕ್ಕಕ್ಕೆ ಹೆದರಿದರೆ ಹೇಗೆ?

ಕಾರನ್ನು ಒಮ್ಮೆ ಒತ್ತಿ ಬಿಟ್ಟರೆ, ತಡೆಯುವ ಶಾಕ್ ಇಲ್ಲದಿದ್ದರೆ, ಅದು ನಿಮಿಷಕ್ಕೆ ಇಷ್ಟು ಸಲ ಎಂದು ಮೇಲೆ ಕೆಳಗೆ ಕುಣಿಯುತ್ತದೆ. ಮನೆಮಂದಿ ಓಡಾಡುವ ಸಾಮಾನ್ಯ ಕಾರಿನಲ್ಲಿ ಈ ಕುಣಿತ ನಿಮಿಷಕ್ಕೆ ಸುಮಾರು 60ರಿಂದ 80. ಊರಿನ ರಸ್ತೆಯಲ್ಲೇ ಓಡುವ ಜೋರಿನ ಕಾರಿನಲ್ಲಿ 85ರಿಂದ 100. ಬರೀ ಟ್ರ್ಯಾಕಿನಲ್ಲಿ ಓಡುವ ರೇಸ್ ಕಾರಿನಲ್ಲಿ 120 ದಾಟುತ್ತದೆ. ಕುಣಿತ ಹೆಚ್ಚಿದಷ್ಟೂ ಗಾಡಿ ಚುರುಕು, ಕೂತವರ ಸೊಂಟಕ್ಕೆ ಕುತ್ತು.

ಈ ಕುಣಿತಕ್ಕೂ ಸ್ಪ್ರಿಂಗಿನ ರೇಟಿಗೂ ಸುಲಭದ ನಂಟಿದೆ. ಚಕ್ರದ ಮೇಲಿನ ಭಾರವನ್ನು ರೇಟಿನಿಂದ ಭಾಗಿಸಿದರೆ ಒಂದು ಇಳಿತ ಬರುತ್ತದೆ. ಇಳಿತ 25 ಸೆಂ.ಮೀ. ಆದರೆ ನಿಮಿಷಕ್ಕೆ 60 ಕುಣಿತ. 14 ಸೆಂ.ಮೀ. ಆದರೆ 80. 11 ಆದರೆ 90. 6 ಸೆಂ.ಮೀ. ಆದರೆ 120. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಯಾವ ಇಂಜಿನಿಯರೂ ಬೇಡ.

ಒಂದು ಉದಾಹರಣೆ. ಇಬ್ಬರು ಕೂತ ಸಣ್ಣ ಕಾರು. ಮುಂದಿನ ಒಂದೊಂದು ಚಕ್ರದ ಸ್ಪ್ರಿಂಗಿನ ಮೇಲೂ 275 ಕೆ.ಜಿ. ಇದೆ ಎನ್ನೋಣ. ಚಕ್ರ, ಬ್ರೇಕು ಮೊದಲಾದ ಸ್ಪ್ರಿಂಗಿನ ಕೆಳಗಿನ ಭಾರವನ್ನು ಇದರಲ್ಲಿ ಸೇರಿಸಬಾರದು. ಕಂಪನಿಯ ಸ್ಪ್ರಿಂಗಿನಿಂದ ಚಕ್ರಕ್ಕೆ ಸಿಗುವ ಬಿಗಿ ಮಿಲಿಮೀಟರಿಗೆ 1.5 ಕೆ.ಜಿ. ಇದ್ದರೆ ಕುಣಿತ 70. ಶೇಕಡಾ 30 ಹೆಚ್ಚಿಸಿದರೆ 1.95 ಕೆ.ಜಿ., ಕುಣಿತ 80. ಇನ್ನೂ ಏರಿಸಿ 2.5 ಮಾಡಿದರೆ 90. ರೇಸ್ ಕಾರಿನಂತೆ 120 ಬೇಕೆಂದರೆ 4.4 ಕೆ.ಜಿ., ಅಂದರೆ ಕಂಪನಿ ಕೊಟ್ಟದ್ದರ ಹತ್ತಿರ ಹತ್ತಿರ ಮೂರು ಪಟ್ಟು!

ಮೂರು ಪಟ್ಟು ಬಿಗಿಯ ಕಾರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಕೈವಾರಕ್ಕೆ ಹೋಗಿಬರುವುದು ಸಾಧ್ಯವೇ?

ಚಕ್ರ ಒಂದು, ಸ್ಪ್ರಿಂಗು ಒಂದು

ಇಲ್ಲಿ ಎಡವುವವರೇ ಹೆಚ್ಚು. ಸ್ಪ್ರಿಂಗಿನ ಮೇಲೆ ಬರೆದ ರೇಟು ಚಕ್ರಕ್ಕೆ ಹಾಗೇ ಸಿಗುವುದಿಲ್ಲ. ನಡುವೆ ಸನ್ನೆಕೋಲು ಇರುತ್ತದೆ.

ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗು 7 ಮಿ.ಮೀ. ಮಾತ್ರ ಕುಗ್ಗಿದರೆ ಆ ಪಾಲು 0.7. ಇದನ್ನು ಎರಡು ಸಲ ಗುಣಿಸಬೇಕು. 0.7ರ ಏಳು ಹತ್ತಾಂಶ ಎಂದರೆ 0.49. ಅಲ್ಲಿಗೆ ಮಿಲಿಮೀಟರಿಗೆ 4 ಕೆ.ಜಿ.ಯ ಸ್ಪ್ರಿಂಗು ಹಾಕಿದರೂ ಚಕ್ರಕ್ಕೆ ಸಿಗುವುದು 2 ಕೆ.ಜಿ.ಯೇ. ಈಗಿನ ಹೆಚ್ಚಿನ ಸಣ್ಣ ಕಾರುಗಳ ಮುಂಭಾಗದಲ್ಲಿ ಶಾಕ್ ಸುತ್ತಲೇ ಸ್ಪ್ರಿಂಗು ಇರುವುದರಿಂದ ಇಷ್ಟು ನಷ್ಟವಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಚಕ್ರಕ್ಕೇ ಬರುತ್ತದೆ. ಹಿಂಭಾಗದಲ್ಲಿ ಒಂದೊಂದು ಮಾಡೆಲ್ಲಿಗೆ ಒಂದೊಂದು ತರಹ.

ಹಳಬರ ಕಾರುಗಳಲ್ಲಂತೂ ಮುಂದಿನದೇ ಒಂದು, ಹಿಂದಿನದೇ ಒಂದು. ಪ್ರೀಮಿಯರ್ ಪದ್ಮಿನಿಗೆ ಮುಂದೆ ಸುರುಳಿ, ಹಿಂದೆ ಪಟ್ಟಿ. 2014ರಲ್ಲಿ ನಿಂತುಹೋದ ಅಂಬಾಸಿಡರಿಗೆ ಮುಂದೆ ತಿರುಚುವ ಸರಳು, ಹಿಂದೆ ಪಟ್ಟಿ. ಆದ್ದರಿಂದ ‘ಅವನ ಕಾರಿಗೆ ಇಷ್ಟು ಹಾಕಿದ್ದಾನೆ, ನನಗೂ ಅಷ್ಟೇ ಹಾಕಿ’ ಎಂಬ ಮಾತಿಗೆ ಅರ್ಥವೇ ಇಲ್ಲ. ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡು ಪೇಪರ್ ಓದಿದ ಹಾಗೆ ಅದು.

ಹಿಂದಿನ ಸೀಟಿನ ಕಥೆ

ಹಿಂದಿನ ಚಕ್ರದ ಲೆಕ್ಕ ಇನ್ನೂ ನಾಜೂಕು. ಮುಂದೆ ಇಂಜಿನ್ ಇದ್ದೇ ಇರುತ್ತದೆ, ಭಾರ ಹೆಚ್ಚು ಏರಿಳಿಯದು. ಹಿಂದೆ ಹಾಗಲ್ಲ. ಬೆಳಿಗ್ಗೆ ಖಾಲಿ, ಮಧ್ಯಾಹ್ನ ಡಿಕ್ಕಿಯಲ್ಲಿ ಎರಡು ಕ್ರೇಟು ಟೊಮೆಟೊ, ಸಂಜೆ ಮೂವರು ನೆಂಟರು.

ಖಾಲಿ ಇದ್ದಾಗ ಹಿಂದಿನ ಒಂದು ಚಕ್ರದ ಮೇಲೆ 160 ಕೆ.ಜಿ. ಎನ್ನಿ. ಬಿಗಿ 1.6 ಕೆ.ಜಿ. ಇದ್ದರೆ ಕುಣಿತ ಸುಮಾರು 95. ಮೂವರು ಕೂತು ಸಾಮಾನೂ ಏರಿ ಒಂದು ಚಕ್ರಕ್ಕೆ 100 ಕೆ.ಜಿ. ಹೆಚ್ಚಿದರೆ ಕುಣಿತ 75ಕ್ಕೆ ಇಳಿಯುತ್ತದೆ. ತುಂಬಿದ ಬಸ್ಸು ಮೆತ್ತಗಾಗುವುದೂ ಇದೇ ಲೆಕ್ಕದಿಂದ. ಜೊತೆಗೆ ಗಾಡಿ 6 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚೇ ಕೆಳಗೆ ಇಳಿಯುತ್ತದೆ.

ಈಗ ಮೊದಲೇ 4 ಸೆಂ.ಮೀ. ತಗ್ಗಿಸಿದ ಕಾರು ಎಂದುಕೊಳ್ಳಿ. ಆರಕ್ಕೆ ನಾಲ್ಕು ಸೇರಿ ಹತ್ತು. ಸಣ್ಣ ಕಾರಿನಲ್ಲಿ ಹಿಂಚಕ್ರ ಮೇಲೇರಲು ಇರುವ ಜಾಗವೇ ಹೆಚ್ಚು ಕಡಿಮೆ ಅಷ್ಟು. ಮುಂದಿನ ಹಳ್ಳಕ್ಕೆ ಸ್ಪ್ರಿಂಗು ಏನೂ ಮಾಡುವಂತಿಲ್ಲ. ಚಕ್ರ ನೇರವಾಗಿ ರಬ್ಬರ್ ತಡೆಗೆ ಬಡಿಯುತ್ತದೆ. ಅದೇ ಬಡಿತ ತಿರುವಿನಲ್ಲಿ ಬಿದ್ದರೆ ಹಿಂದಿನ ಟೈರು ಹಿಡಿತ ಬಿಡುತ್ತದೆ, ಗಾಡಿ ಬಾಲ ತಿರುಗಿಸುತ್ತದೆ.

ಮುಂದು ಹಿಂದಿನ ಹೊಂದಾಣಿಕೆಗೂ ಒಂದು ಸೂತ್ರವಿದೆ. 1930ರ ದಶಕದಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳ ಮೇಲೆ ಕೆಲಸ ಮಾಡಿದ ಮಾರಿಸ್ ಓಲಿ ಎಂಬ ಇಂಜಿನಿಯರ್ ಇದನ್ನು ತೋರಿಸಿಕೊಟ್ಟರು. ಹಂಪನ್ನು ಮೊದಲು ಹತ್ತುವುದು ಮುಂದಿನ ಚಕ್ರ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಹಿಂದಿನ ಚಕ್ರ ಅಲ್ಲಿಗೆ ಬರುವುದು ಸುಮಾರು ಕಾಲು ಸೆಕೆಂಡು ತಡವಾಗಿ. ಹಿಂದಿನ ಕುಣಿತ ಮುಂದಿನದಕ್ಕಿಂತ ತುಸು ಚುರುಕಾಗಿದ್ದರೆ ಅದು ಓಡಿಬಂದು ಮುಂದಿನದರ ಜೊತೆ ಸೇರಿಕೊಳ್ಳುತ್ತದೆ, ಗಾಡಿ ಸಮವಾಗಿ ಏರಿ ಇಳಿಯುತ್ತದೆ. ಇಲ್ಲದಿದ್ದರೆ ತೊಟ್ಟಿಲಿನಂತೆ ಮುಂದೆ ಹಿಂದೆ ತೂಗುತ್ತದೆ.

ಬಿಗಿಯಾದಷ್ಟೂ ಹಿಡಿತವೇ?

ಇದೊಂದು ದೊಡ್ಡ ಭ್ರಮೆ. ತಿರುವಿನಲ್ಲಿ ಭಾರ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ದಾಟುತ್ತದೆ. ಒಟ್ಟು ಎಷ್ಟು ದಾಟಬೇಕು ಎಂಬುದನ್ನು ನಿಶ್ಚಯಿಸುವುದು ಗಾಡಿಯ ಭಾರ, ಅದರ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುಗುವ ವೇಗ. ಸ್ಪ್ರಿಂಗು ಅದನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ. ವಾಲುವುದನ್ನು ತಗ್ಗಿಸುತ್ತದೆ, ದಾಟಿದ ಭಾರವನ್ನು ಮುಂದಕ್ಕೆಷ್ಟು ಹಿಂದಕ್ಕೆಷ್ಟು ಎಂದು ಹಂಚುತ್ತದೆ, ಅಷ್ಟೇ.

ಮುಂದೆ ಮಾತ್ರ ಅತಿ ಬಿಗಿ ಮಾಡಿದರೆ ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೆ ಜಾರುತ್ತದೆ. ಹಿಂದೆ ಮಾತ್ರ ಅತಿ ಬಿಗಿ ಮಾಡಿದರೆ ಬಾಲ ಹೊರಕ್ಕೆ ಜಾರುತ್ತದೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ದಾರಿಯಲ್ಲಿ, ಮಂಜು ಬಿದ್ದು ರಸ್ತೆ ಒದ್ದೆಯಾದ ಬೆಳಗಿನ ಜಾವ, ಈ ಎರಡರಲ್ಲಿ ಯಾವುದೂ ಬೇಡ.

ಇನ್ನು ಕಿತ್ತ ಡಾಂಬರಿನ ಮೇಲೆ ಅತಿ ಗಡುಸು ಸ್ಪ್ರಿಂಗಿನ ಟೈರು ರಸ್ತೆಯನ್ನು ತಬ್ಬಿಕೊಳ್ಳುವುದೇ ಇಲ್ಲ, ಪುಟಿಯುತ್ತದೆ. ಗಾಳಿಯಲ್ಲಿರುವ ಟೈರಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಮಣ್ಣಿನ ದಾರಿಯ ರ‍್ಯಾಲಿ ಕಾರುಗಳಿಗೆ ಚಕ್ರ ಏರಿಳಿಯಲು ಧಾರಾಳ ಜಾಗ ಬಿಟ್ಟು, ಟ್ರ್ಯಾಕಿನ ಕಾರಿಗಿಂತ ಮೆದುವಾದ ಸ್ಪ್ರಿಂಗು ಹಾಕುವುದು ಇದಕ್ಕೇ. ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಒಗ್ಗುವ ಸ್ಪ್ರಿಂಗು ಮಂಚೇನಹಳ್ಳಿ ರಸ್ತೆಗೆ ಒಗ್ಗದು.

ಶಾಕ್ ಮರೆತರೆ ಶಾಕ್!

ಸ್ಪ್ರಿಂಗು ಏಟನ್ನು ನುಂಗಿಕೊಳ್ಳುತ್ತದೆ, ಆದರೆ ಹಾಗೇ ವಾಪಸ್ಸು ಉಗುಳುತ್ತದೆ. ಆ ಉಗುಳುವಿಕೆಯನ್ನು ಹಿಡಿದಿಡುವುದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗು ಬಿಗಿಯಾದರೆ ಶಾಕ್ ಕೂಡ ಬಿಗಿಯಾಗಬೇಕು. ಸ್ಪ್ರಿಂಗು ಶೇಕಡಾ 30 ಏರಿದರೆ ಶಾಕ್ ಶೇಕಡಾ 14 ಏರಬೇಕು. ಸ್ಪ್ರಿಂಗು ಎರಡು ಪಟ್ಟಾದರೆ ಶಾಕ್ ಶೇಕಡಾ 41. ಹಳೇ ಸೋರುವ ಶಾಕ್ ಮೇಲೆ ಹೊಸ ಗಡುಸು ಸ್ಪ್ರಿಂಗು ಹಾಕಿದವನ ಕಾರು ಹಂಪು ದಾಟಿ ಮೂರು ಮಾರು ಹೋದರೂ ಕುಣಿಯುತ್ತಲೇ ಇರುತ್ತದೆ.

ಹಂಪಿನ ಮಾತು ಬಂತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, ಗಂಟೆಗೆ 25 ಕಿ.ಮೀ.ನಲ್ಲಿ ದಾಟುವಂತೆ ಇರಬೇಕು. ನಮ್ಮ ಊರುಗಳ ಮುಂದೆ ರಾತ್ರೋರಾತ್ರಿ ಏಳುವ ಹಂಪುಗಳಿಗೆ ಈ ಅಗಲ ಎಲ್ಲಿದೆ? ಒಂದು ದಿಂಡು ಅಡ್ಡ ಮಲಗಿಸಿದಂತೆ ಇರುತ್ತವೆ. ನೆಲದಿಂದ 17 ಸೆಂ.ಮೀ. ಮೇಲಿರುವ ಕಾರೇ ಅಲ್ಲಿ ಉಜ್ಜುತ್ತದೆ. ಅದನ್ನು 13ಕ್ಕೆ ಇಳಿಸಿಕೊಂಡವನು ಊರೂರಿಗೂ ಇಳಿದು ದಾರಿ ನೋಡಬೇಕು.

ಕಾನೂನು ಏನೆನ್ನುತ್ತದೆ?

ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್.ಸಿ.ಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯಿದೆಯಲ್ಲಿ, ಒಪ್ಪಿಗೆಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಿದೆ. ಆರ್.ಸಿ. ಅಪ್ಪನ ಹೆಸರಿನಲ್ಲಿದ್ದರೆ ನೋಟೀಸು ಬರುವುದೂ ಅಪ್ಪನಿಗೇ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲೂಬಹುದು.

ಆದ್ದರಿಂದ ಸ್ಪ್ರಿಂಗು ಕೊಳ್ಳುವ ಮುನ್ನವೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಲೇಸು. ಹಾಕಿಸಿದ ಮೇಲೆ ವಿಚಾರಿಸುವುದು ಮದುವೆಯಾದ ಮೇಲೆ ಜಾತಕ ತೋರಿಸಿದಂತೆ.

ಮಾಡಲೇಬೇಕೆನ್ನುವವರಿಗೆ

ಮೊದಲು ಟೈರು, ಬ್ರೇಕು, ಶಾಕ್, ರಬ್ಬರ್ ಬುಷ್‌ಗಳನ್ನು ಸರಿಮಾಡಿಸಿ. ಗಾಡಿ ತೇಲುತ್ತದೆ, ವಾಲುತ್ತದೆ ಎಂಬ ದೂರುಗಳಲ್ಲಿ ಎಷ್ಟೋ ಅಲ್ಲಿಗೇ ಮುಗಿಯುತ್ತವೆ.

ಆಮೇಲೂ ಬೇಕೆನಿಸಿದರೆ ಗಾಡಿಯನ್ನು ತೂಕದ ಸೇತುವೆಗೆ ಒಯ್ಯಿರಿ. ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಒಮ್ಮೆ, ಹಿಂದಿನವನ್ನಷ್ಟೇ ಹತ್ತಿಸಿ ಒಮ್ಮೆ ತೂಗಿಸಿ. ದಿನಾ ಎಷ್ಟು ಜನ ಕೂರುತ್ತಾರೋ ಅಷ್ಟು ಜನರನ್ನು ಕೂರಿಸಿಯೇ ತೂಗಿಸಿ. ಆ ಚೀಟಿ ಕೈಯಲ್ಲಿದ್ದರೆ ಮೇಲಿನ ಲೆಕ್ಕವೆಲ್ಲ ಒಂದು ಬೀಡಿಪೊಟ್ಟಣದ ಹಿಂದೆ ಮುಗಿಯುತ್ತದೆ.

ಈ ಸೀಮೆಯ ರಸ್ತೆಗಳಿಗೆ ಮುಂದಿನ ಕುಣಿತ 80ರಿಂದ 85 ಸಾಕು. ಮೇಲಿನ ಉದಾಹರಣೆಯ ಕಾರಿನಲ್ಲಿ ಅದು ಕಂಪನಿ ಬಿಗಿಗಿಂತ ಶೇಕಡಾ 30ರಿಂದ 48 ಹೆಚ್ಚು. ಹಿಂದಿನದು ಅದಕ್ಕಿಂತ ತುಸು ಚುರುಕು ಇರಲಿ, ಆದರೆ ಮೂವರನ್ನು ಕೂರಿಸಿದಾಗ ಚಕ್ರ ಏರಲು ಇನ್ನೂ ಜಾಗ ಉಳಿದಿರಲಿ. ಹೈದರಾಬಾದ್ ಹೆದ್ದಾರಿ 44ರಲ್ಲೇ ದಿನಾ ಓಡುವವರು 90ರವರೆಗೆ ಹೋಗಬಹುದು. ಅದರಾಚೆ ಹೋದರೆ ಹೆದ್ದಾರಿಯಿಂದ ಇಳಿದ ಕ್ಷಣವೇ ಪಶ್ಚಾತ್ತಾಪ.

ನಾಲ್ಕೂ ಸ್ಪ್ರಿಂಗನ್ನು ಸೆಟ್ಟಿನಲ್ಲೇ ಕೊಳ್ಳಬೇಕು. ರೇಟು ಬರೆದ ಚೀಟಿ ಇಲ್ಲದ ಸೆಟ್ಟು ಎಷ್ಟೇ ಅಗ್ಗವಾದರೂ ಬೇಡ. ಹಾಕಿಸಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಕಂಪನಿಯ ಹಳೇ ಸ್ಪ್ರಿಂಗುಗಳನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಟ್ಟಿರಬೇಕು. ಮಗಳ ಹೆರಿಗೆಗೋ ಅಜ್ಜಿಯ ಆಸ್ಪತ್ರೆಗೋ ಅದೇ ಕಾರು ಬೇಕಾದಾಗ ಮನೆಯವರು ಕೇಳುವುದು ಆ ಹಳೇ ಸ್ಪ್ರಿಂಗನ್ನೇ.